ಮೂರು ಗಂಟಿಗೆ ಒಂದೇ ಸೂಜಿ: ನಾನು ಹೋದ ಥೈರಾಯ್ಡ್ ಕ್ಲಿನಿಕ್ ಹೇಗಿತ್ತು

ನಾನು ಟೈಲರ್. 26 ವರ್ಷದಿಂದ ದಿನವೂ ಬೇರೆಯವರ ಕುತ್ತಿಗೆ ಅಳತೆ ತೆಗೆಯುತ್ತೇನೆ. ಒಂದು ಮಧ್ಯಾಹ್ನ ಅಂಗಡಿಯ ಟ್ರಯಲ್ ಕನ್ನಡಿ ಮುಂದೆ ನಿಂತು ನೀರು ಕುಡಿಯುತ್ತಿದ್ದೆ. ಗುಟುಕು ಇಳಿಯುವಾಗ ಗಂಟಲಿನ ಬಲಗಡೆ, ಚರ್ಮದ ಕೆಳಗೆ, ಏನೋ ಒಂದು ಮೇಲೆ ಹೋಗಿ ಕೆಳಗೆ ಬಂತು. ಇನ್ನೊಂದು ಗುಟುಕು ಕುಡಿದೆ. ಮತ್ತೆ ಹೋಗಿ ಬಂತು. ಬೆರಳಿಟ್ಟು ನೋಡಿದರೆ ದೊಡ್ಡ ಗುಂಡಿಯಷ್ಟು ಅಗಲದ್ದು, ನುಣುಪಾಗಿತ್ತು, ನೋವಿರಲಿಲ್ಲ. ಕೈಯಲ್ಲಿದ್ದ ಲೋಟ ಹಾಗೇ ಕೆಳಗಿಟ್ಟು ಕೂತುಬಿಟ್ಟೆ.

ಅಲ್ಲಿಂದ ಒಂದು ವರ್ಷಕ್ಕೂ ಜಾಸ್ತಿ ಆಗಿದೆ. ಆ ಗಂಟಿಗಾಗಿ ನಾನು ಹೋದ ಥೈರಾಯ್ಡ್ ಕ್ಲಿನಿಕ್ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನೀವು ಇರುವ ಕಡೆ ಆ ಕ್ಲಿನಿಕ್ ಇರಲಿಕ್ಕಿಲ್ಲ, ಆದರೆ ಗಂಟು ಇರಬಹುದು. ಒಳ್ಳೆಯ ಕಡೆ ಹೋದರೆ ಏನೇನು ಮಾಡುತ್ತಾರೆ, ಏನೇನು ಮಾಡದೆ ಬಿಡುತ್ತಾರೆ ಅಂತ ಗೊತ್ತಿದ್ದರೆ ಸಾಕು. ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಆ ಮಾಡದೆ ಬಿಟ್ಟ ಕೆಲಸಗಳೇ.

ಕ್ಲಿನಿಕ್‌ಗೆ ಹೋಗುವ ಮೊದಲು ಬೇರೆ ಒಂದು ಕಡೆ ಕುತ್ತಿಗೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿದ್ದೆ. ಹತ್ತು ನಿಮಿಷದ ಕೆಲಸ. ಯಾರೂ ಒಂದು ಮಾತಾಡಲಿಲ್ಲ. ಕೈಗೆ ಬಂದ ರಿಪೋರ್ಟಿನಲ್ಲಿ ಇದ್ದದ್ದು ಮೂರು ಸಾಲು: ಎರಡೂ ಕಡೆ ಗಂಟುಗಳಿವೆ, ಅತಿ ದೊಡ್ಡದು ಸುಮಾರು 2 ಸೆಂಟಿಮೀಟರ್, ವೈದ್ಯರನ್ನು ಕಾಣುವುದು. ಗಂಟು ಗಟ್ಟಿಯೋ, ಒಳಗೆ ನೀರೋ, ಅಂಚು ಹೇಗಿದೆ, ಒಂದಕ್ಷರ ಇಲ್ಲ. ಯಾರಾದರೂ ಬಂದು 'ಒಂದು ಬಟ್ಟೆ ಹೊಲಿದುಕೊಡಿ, ಸುಮಾರು ನನ್ನಷ್ಟು ಉದ್ದ' ಅಂದರೆ ನಾನು ಹೊಲಿಯಲು ಆಗುತ್ತಾ? ಹಾಗಿತ್ತು ಆ ರಿಪೋರ್ಟು. ಅದನ್ನು ಹಿಡಿದುಕೊಂಡು ಮೂರು ರಾತ್ರಿ ನಿದ್ದೆಗೆಟ್ಟೆ.

ತಂಗಿ ಜೊತೆಗೆ ಬಂದಳು. ಅವಳೇ ಈ ಕ್ಲಿನಿಕ್ ಹುಡುಕಿದ್ದು. ವಾರಕ್ಕೆ ಎರಡು ದಿನ ಬರೀ ಥೈರಾಯ್ಡ್ ಗಂಟಿನವರನ್ನೇ ನೋಡುತ್ತಾರೆ. ಡಾಕ್ಟರ್, ಸ್ಕ್ಯಾನು, ಬೇಕಾದರೆ ಗಂಟಿನಿಂದ ಜೀವಕೋಶ ತೆಗೆದು ನೋಡುವ ಸೂಜಿ ಪರೀಕ್ಷೆ, ಎಲ್ಲ ಒಂದೇ ಕಡೆ, ಒಂದೇ ದಿನ. ಕಾಯುವ ಕೋಣೆಯಲ್ಲಿ ಎಲ್ಲರೂ ಒಬ್ಬರ ಕುತ್ತಿಗೆಯನ್ನು ಇನ್ನೊಬ್ಬರು ನೋಡುತ್ತಾ ಕೂತಿದ್ದರು. ಹೆಂಗಸರೇ ಜಾಸ್ತಿ. ಗಂಟು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು ಅಂತ ಆಮೇಲೆ ಗೊತ್ತಾಯಿತು.

ಡಾಕ್ಟರ್ ನನ್ನ ರಿಪೋರ್ಟು ಕೈಗೆ ತೆಗೆದುಕೊಂಡು, ಓದದೆ ಪಕ್ಕಕ್ಕಿಟ್ಟರು. 'ಮೊದಲು ನೀವು ಹೇಳಿ, ಆಮೇಲೆ ಅದು' ಅಂದರು. ಆಗಲೇ ಅರ್ಧ ಸಮಾಧಾನ ಆಯಿತು. ಕೇಳಿದ ಪ್ರಶ್ನೆಗಳನ್ನು ನಾನು ಮರೆತಿಲ್ಲ, ಯಾಕೆಂದರೆ ಪ್ರತಿ ಪ್ರಶ್ನೆಗೂ ಯಾಕೆ ಕೇಳುತ್ತಿದ್ದೇನೆ ಅಂತಲೂ ಹೇಳಿದರು. ಚಿಕ್ಕವರಿದ್ದಾಗ ಕುತ್ತಿಗೆಗೋ ತಲೆಗೋ ರೇಡಿಯೇಷನ್ ಚಿಕಿತ್ಸೆ ಆಗಿತ್ತಾ? ಮಕ್ಕಳ ಥೈರಾಯ್ಡ್‌ಗೆ ವಿಕಿರಣ ತಾಗಿದರೆ ವರ್ಷಗಳಾದ ಮೇಲೂ ಕ್ಯಾನ್ಸರ್ ಬರಬಹುದಂತೆ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ವಿಕಿರಣ ಸೂಸುವ ಅಯೋಡಿನ್ 131 ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಸೇರಿ, ಹಾಲು ಕುಡಿದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಯಿತು ಅಂತ ಹೇಳಿದರು. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿತ್ತಾ? ಅದರಲ್ಲಿ ಮೆಡುಲರಿ ಅನ್ನುವ ಒಂದು ಬಗೆ ಕೆಲವರಲ್ಲಿ ವಂಶದಲ್ಲಿ ಹರಿದು ಬರುತ್ತದೆ, ಅದಕ್ಕೆ ಕ್ಯಾಲ್ಸಿಟೋನಿನ್ ಅನ್ನುವ ಬೇರೆ ರಕ್ತ ಪರೀಕ್ಷೆಯೇ ಇದೆ. ಗಂಟು ವಾರ ವಾರಕ್ಕೂ ಬೆಳೆಯುತ್ತಿದೆಯಾ? ದನಿ ಒಡೆದು ಹಾಗೇ ಉಳಿದುಕೊಂಡಿದೆಯಾ? ನುಂಗುವಾಗ ಸಿಕ್ಕಿಕೊಳ್ಳುತ್ತಾ? ಮಲಗಿದರೆ ಉಸಿರು ಕಟ್ಟುತ್ತಾ?

ದನಿಯ ಪ್ರಶ್ನೆಗೆ ನಾನು ತಡವರಿಸಿದೆ. ಹಿಂದಿನ ವಾರ ನೆಗಡಿಯಾಗಿ ಗಂಟಲು ಕಟ್ಟಿತ್ತು. ಅದನ್ನು ಹೇಳಿದರೆ ಎಲ್ಲಿ ಕ್ಯಾನ್ಸರ್ ಅಂದುಬಿಡುತ್ತಾರೋ ಅಂತ ಹೆದರಿಕೆ. ಹೇಳಿದೆ. ಅವರು ನಕ್ಕರು. ನೆಗಡಿ ಹೋದ ಮೇಲೂ, ಕಾರಣ ಇಲ್ಲದೆ, ಮೂರು ನಾಲ್ಕು ವಾರ ಒಡೆದ ದನಿ ಹಾಗೇ ಇದ್ದರೆ ಆಗ ನೋಡಬೇಕು ಅಂದರು. ದನಿಪೆಟ್ಟಿಗೆಗೆ ಹೋಗುವ ನರ ಥೈರಾಯ್ಡ್‌ನ ಬೆನ್ನಿಗೇ ಅಂಟಿಕೊಂಡು ಹೋಗುತ್ತದೆ. ಕೆಟ್ಟ ಗಂಟು ಆ ನರವನ್ನು ಹಿಡಿದರೆ ದನಿ ಹೋಗುತ್ತದೆ. ಅದಕ್ಕೇ ಆ ಪ್ರಶ್ನೆ.

ಆಮೇಲೆ ನನ್ನ ಹಿಂದೆ ನಿಂತು ಎರಡೂ ಕೈಯಿಂದ ಕುತ್ತಿಗೆ ಮುಟ್ಟಿ ನೋಡಿದರು. ಒಂದು ಗುಟುಕು ನೀರು ಬಾಯಲ್ಲಿಟ್ಟುಕೊಳ್ಳಿ, ಈಗ ನುಂಗಿ. ನಾನು ಕನ್ನಡಿಯಲ್ಲಿ ಕಂಡದ್ದನ್ನೇ ಅವರು ಬೆರಳಿನಲ್ಲಿ ನೋಡುತ್ತಿದ್ದರು. ಥೈರಾಯ್ಡ್ ಶ್ವಾಸನಾಳಕ್ಕೆ ಅಂಟಿಕೊಂಡಿದೆ, ಅದಕ್ಕೇ ನುಂಗಿದಾಗ ಜೊತೆಗೇ ಮೇಲೇಳುತ್ತದೆ. ಹಾಗೆ ಸಲೀಸಾಗಿ ಆಡುವುದು ಒಳ್ಳೆಯದು. ಕಲ್ಲಿನಂತೆ ಗಟ್ಟಿಯಾಗಿ, ಸುತ್ತಲಿನ ಮಾಂಸಕ್ಕೆ ಕಚ್ಚಿಕೊಂಡು ಅಲ್ಲಾಡದೆ ಇದ್ದರೆ ಯೋಚನೆ. ಕುತ್ತಿಗೆಯ ಎರಡು ಪಕ್ಕ, ಕಿವಿಯ ಕೆಳಗಿನಿಂದ ಭುಜದ ಮೂಳೆವರೆಗೂ ತಡಕಿ ಬೇರೆ ಗಡ್ಡೆ ಇದೆಯಾ ನೋಡಿದರು. ಕೊನೆಗೆ ಎರಡೂ ಕೈ ಮೇಲೆತ್ತಿ ಒಂದು ನಿಮಿಷ ಹಾಗೇ ಇರಿ ಅಂದರು. ಥೈರಾಯ್ಡ್ ಎದೆಯ ಮೂಳೆಯ ಹಿಂದಕ್ಕೆ ಇಳಿದು ಬೆಳೆದಿದ್ದರೆ ಆಗ ಮುಖ ಕೆಂಪಾಗಿ ಊದಿಕೊಳ್ಳುತ್ತದೆ. ನನಗೆ ಆಗಲಿಲ್ಲ.

'ನೋವೇ ಇಲ್ಲ ಡಾಕ್ಟ್ರೇ, ನೋವಿಲ್ಲದ ಗಂಟೇ ಕ್ಯಾನ್ಸರ್ ಅಂತಾರಲ್ಲ' ಅಂತ ತಂಗಿ ಕೇಳಿದಳು. ಕ್ಯಾನ್ಸರ್ ಅಲ್ಲದ ಗಂಟೂ ಹೆಚ್ಚಾಗಿ ನೋಯುವುದಿಲ್ಲಮ್ಮ, ಅದರಿಂದ ಏನೂ ತಿಳಿಯುವುದಿಲ್ಲ ಅಂದರು. ಇದ್ದಕ್ಕಿದ್ದ ಹಾಗೆ ಒಂದು ದಿನ ಗಂಟು ಊದಿ ನೋಯತೊಡಗಿದರೆ ಸಾಮಾನ್ಯವಾಗಿ ಅದು ನೀರಿನ ಗಂಟಿನೊಳಗೆ ರಕ್ತ ಸೋರಿರುವುದು. ಭಯಕ್ಕಿಂತ ನೋವೇ ಜಾಸ್ತಿ ಇರುತ್ತದೆ.

ಇನ್ನು ರಕ್ತ ಪರೀಕ್ಷೆ. ನಾನು ಪ್ರತಿ ವರ್ಷ ಟಿಎಸ್‌ಎಚ್ ಮಾಡಿಸುತ್ತೇನೆ. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್ ಎಷ್ಟಿದೆ ಅಂತ ನೋಡುವ ಪರೀಕ್ಷೆ ಅದು. ಪ್ರತಿ ವರ್ಷ ನಾರ್ಮಲ್. ಹಾಗಾಗಿ ನನ್ನ ಥೈರಾಯ್ಡ್ ಗಟ್ಟಿಮುಟ್ಟಾಗಿದೆ ಅಂತಲೇ ನಂಬಿದ್ದೆ. ನೀವೂ ಹಾಗೆ ನಂಬಿದ್ದರೆ ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಟಿಎಸ್‌ಎಚ್ ಹೇಳುವುದು ಗ್ರಂಥಿ ಎಷ್ಟು ಕೆಲಸ ಮಾಡುತ್ತಿದೆ ಅಂತ. ಅದರ ಮೈಯಲ್ಲಿ ಗಂಟಿದೆಯಾ, ಆ ಗಂಟು ಎಂಥದ್ದು ಅಂತ ಅದಕ್ಕೆ ಗೊತ್ತಿಲ್ಲ. ಹೊಲಿಗೆ ಮಿಷನ್ ಚೆನ್ನಾಗಿ ಓಡುತ್ತಿದೆ ಅಂದರೆ ಅದರ ಕಾಲಿಗೆ ಬಿರುಕು ಬಿಟ್ಟಿಲ್ಲ ಅಂತ ಅರ್ಥ ಅಲ್ಲ, ಅಲ್ವಾ? ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನವರ ಟಿಎಸ್‌ಎಚ್ ನಾರ್ಮಲ್ಲೇ ಇರುತ್ತದೆ.

ಆದರೂ ಗಂಟು ಕಂಡವರಿಗೆಲ್ಲ ಮೊದಲು ಅದನ್ನೇ ಮಾಡಿಸುತ್ತಾರೆ, ಅದಕ್ಕೆ ಕಾರಣ ಬೇರೆ. ಟಿಎಸ್‌ಎಚ್ ಕಡಿಮೆ ಬಂದರೆ ಆ ಗಂಟೇ ಜಾಸ್ತಿ ಹಾರ್ಮೋನ್ ತಯಾರಿಸುತ್ತಿರಬಹುದು. ಆಗ ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿ ಅದು 'ಬಿಸಿ ಗಂಟು' ಹೌದಾ ನೋಡುತ್ತಾರೆ. ಬಿಸಿ ಗಂಟು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಹೌದು ಅಂತಾದರೆ ಸಾಮಾನ್ಯವಾಗಿ ಸೂಜಿಯೇ ಬೇಡ. ರಕ್ತ ತೆಗೆಯುವ ಹುಡುಗಿ ನನ್ನನ್ನು ಕೇಳಿದ ಒಂದು ಪ್ರಶ್ನೆ ನನಗೆ ಬಹಳ ಹಿಡಿಸಿತು: 'ಮೇಡಂ, ಕೂದಲಿಗೆ ಅಂತ ಬಯೋಟಿನ್ ಮಾತ್ರೆ ಏನಾದ್ರೂ ತಗೋತೀರಾ?' ಜಾಸ್ತಿ ಬಯೋಟಿನ್ ತೆಗೆದುಕೊಂಡರೆ ಕೆಲವು ಲ್ಯಾಬ್ ಮಿಷನ್‌ಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸುತ್ತದಂತೆ. ಎರಡು ದಿನ ಮೊದಲೇ ನಿಲ್ಲಿಸಬೇಕು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

ಸ್ಕ್ಯಾನಿಗೆ ಬರೋಣ. ಇಲ್ಲೇ ಈ ಕ್ಲಿನಿಕ್ ನನ್ನ ಮನಸ್ಸು ಗೆದ್ದದ್ದು.

ಭುಜದ ಕೆಳಗೆ ದಿಂಬು ಕೊಟ್ಟು ಮಲಗಿಸಿದರು, ಕುತ್ತಿಗೆ ಹಿಂದಕ್ಕೆ ಬಾಗಿತು. ಸ್ಕ್ಯಾನ್ ಮಾಡುವಾಕೆ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಇದು ನಿಮ್ಮ ಶ್ವಾಸನಾಳ, ಇದರ ಎರಡು ಕಡೆ ಚಿಟ್ಟೆಯ ರೆಕ್ಕೆ ಥರ ಇರುವುದು ಥೈರಾಯ್ಡ್. ಇಗೋ ನೀವು ಮುಟ್ಟಿ ನೋಡಿದ್ದು. ಬೂದು ಬಣ್ಣದ ಬಟ್ಟೆಯ ಮೇಲೆ ಕಪ್ಪು ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಉದ್ದ 19, ಅಗಲ 14, ಆಳ 13 ಮಿಲಿಮೀಟರ್. ಮೂರು ಅಳತೆ! ನನಗೆ ಎಷ್ಟು ಖುಷಿಯಾಯಿತು ಅಂದರೆ, ಅಷ್ಟು ಹೊತ್ತಿನ ಹೆದರಿಕೆಯಲ್ಲೂ ನಾನು ಅವರ ಕೆಲಸ ನೋಡುತ್ತಾ ಮಲಗಿದೆ. ಎಡಗಡೆ ಇನ್ನೊಂದು, 11 ಮಿಲಿಮೀಟರ್. ಅದು ಸ್ಪಂಜಿನ ಥರ, ತುಂಬಾ ಸಣ್ಣ ಸಣ್ಣ ನೀರಿನ ಕೋಣೆಗಳು. ಅದರ ಕೆಳಗೆ ಮೂರನೆಯದು, 8 ಮಿಲಿಮೀಟರ್, ಅರ್ಧ ನೀರು ಅರ್ಧ ಗಟ್ಟಿ.

ಮೂರು ಅಂದ ತಕ್ಷಣ ಎದೆ ಧಸಕ್ಕೆಂದಿತು. ಮೂರಿದ್ದರೆ ಅಪಾಯ ಮೂರು ಪಟ್ಟು ಅಂತ ಲೆಕ್ಕ ಹಾಕಬಾರದಂತೆ. ಒಂದೇ ಗಂಟಿರುವವರಿಗೂ ಹಲವು ಗಂಟಿರುವವರಿಗೂ ಕ್ಯಾನ್ಸರ್ ಸಾಧ್ಯತೆ ಹೆಚ್ಚುಕಮ್ಮಿ ಅಷ್ಟೇ. ಪ್ರತಿ ಗಂಟನ್ನೂ ಬೇರೆ ಬೇರೆಯಾಗಿ ನೋಡಬೇಕು, ಅದರದರ ಮುಖ ನೋಡಿ ತೀರ್ಮಾನ.

ಆ ತೀರ್ಮಾನಕ್ಕೆ ಅಂಕ ಕೊಡುವ ಪದ್ಧತಿ ಇದೆ. ಟೈರಾಡ್ಸ್ ಅನ್ನುತ್ತಾರೆ. ಅಮೆರಿಕದ ರೇಡಿಯಾಲಜಿ ಸಂಸ್ಥೆ 2017ರಲ್ಲಿ ಹೊರತಂದದ್ದನ್ನು ಇವರು ಬಳಸುತ್ತಾರೆ. ಡಾಕ್ಟರ್ ಒಂದು ಹಾಳೆ ಎಳೆದುಕೊಂಡು ನನ್ನ ಎದುರೇ ಲೆಕ್ಕ ಬರೆದರು. ಪೂರ್ತಿ ಗಟ್ಟಿ ಗಂಟಿಗೆ 2 ಅಂಕ. ಸುತ್ತಲಿನ ಥೈರಾಯ್ಡ್‌ಗಿಂತ ಕಪ್ಪಗೆ ಕಂಡರೆ ಇನ್ನೆರಡು. ಅಂಚು ನುಣುಪಾಗಿದ್ದರೆ ಸೊನ್ನೆ, ಹರಿದ ಹಾಗೆ ಅಂಕುಡೊಂಕಾಗಿದ್ದರೆ 2, ಗ್ರಂಥಿಯಿಂದ ಹೊರಗೆ ಚಾಚಿದ್ದರೆ 3. ಒಳಗೆ ರವೆ ಕಾಳಿನಂಥ ಬಿಳಿ ಚುಕ್ಕಿಗಳಿದ್ದರೆ 3. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ ನಿಂತಿದ್ದರೂ 3. ಈ ಕೊನೆಯದು ನನಗೆ ವಿಚಿತ್ರ ಅನ್ನಿಸಿತು, ಕೇಳಿದೆ. ಒಳ್ಳೆಯ ಗಂಟು ಸಾಮಾನ್ಯವಾಗಿ ಅಂಗಾಂಶದ ಪದರದ ಜೊತೆಜೊತೆಗೇ ಮಲಗಿ ಬೆಳೆಯುತ್ತದೆ. ಪದರವನ್ನು ಅಡ್ಡಡ್ಡ ದಾಟಿ ಎದ್ದು ನಿಂತರೆ ಅನುಮಾನ. ಬಟ್ಟೆಯ ಎಳೆ ಹೇಗೆ ಹೋಗಿದೆಯೋ ಹಾಗೆ ಕತ್ತರಿ ಹೋಗುವುದಕ್ಕೂ, ಎಳೆಗೆ ಅಡ್ಡ ಹೋಗುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತು. ಅರ್ಥವಾಯಿತು.

ನನ್ನ ದೊಡ್ಡ ಗಂಟಿಗೆ ಬಂದದ್ದು 4 ಅಂಕ. ನಾಲ್ಕರಿಂದ ಆರು ಬಂದರೆ 'ಸಾಧಾರಣ ಅನುಮಾನ', 15 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸೂಜಿ. ನನ್ನದು 19. ಏಳು ಅಥವಾ ಅದಕ್ಕಿಂತ ಜಾಸ್ತಿ ಬಂದಿದ್ದರೆ 10 ಮಿಲಿಮೀಟರಿಗೇ ಚುಚ್ಚುತ್ತಿದ್ದರು. ಮೂರೇ ಅಂಕ ಬಂದಿದ್ದರೆ 25 ಆಗುವವರೆಗೂ ಸುಮ್ನೆ ಬಿಡುತ್ತಿದ್ದರು. ಸ್ಪಂಜಿನ ಗಂಟಿಗೆ ಸೊನ್ನೆ. ಮೂರನೆಯದಕ್ಕೆ ಎರಡು. ಅವೆರಡಕ್ಕೂ ಸೂಜಿ ಬೇಡ.

ನಾನು ಒಪ್ಪಲಿಲ್ಲ. ಹೇಗೂ ಬಂದಿದ್ದೇನೆ, ಮೂರಕ್ಕೂ ಚುಚ್ಚಿ ನೋಡಿಬಿಡಿ, ಮನಸ್ಸಿಗೆ ನೆಮ್ಮದಿ ಅಂತ ಕೈ ಮುಗಿದೆ. ತಂಗಿ ಅಷ್ಟಕ್ಕೇ ನಿಲ್ಲಲಿಲ್ಲ. 'ನಂಗೂ ಒಂದು ಸ್ಕ್ಯಾನ್ ಮಾಡಿಬಿಡಿ ಡಾಕ್ಟ್ರೇ' ಅಂದಳು. ಅವರು ಅವಳ ಕುತ್ತಿಗೆ ಮುಟ್ಟಿ ನೋಡಿ, ಎರಡು ಪ್ರಶ್ನೆ ಕೇಳಿ, 'ನಿಮಗೆ ಬೇಡ' ಅಂದರು. ಒಂದು ಸ್ಕ್ಯಾನಿನ ದುಡ್ಡು ಬೇಡ ಅನ್ನುವ ಕ್ಲಿನಿಕ್ ನಾನು ನೋಡಿದ್ದು ಅದೇ ಮೊದಲು. ನಮ್ಮ ಮುಖ ನೋಡಿ, ಹೊರಗೆ ಅಷ್ಟು ಜನ ಕಾಯುತ್ತಿದ್ದರೂ, ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಕೈಗೆ ಸಿಗುವಂಥ ಥೈರಾಯ್ಡ್ ಗಂಟು ನೂರರಲ್ಲಿ ಸುಮಾರು 5 ಜನಕ್ಕೆ ಇರುತ್ತದೆ. ಆದರೆ ಸುಮ್ನೆ ಎಲ್ಲರಿಗೂ ಸ್ಕ್ಯಾನ್ ಮಾಡುತ್ತಾ ಹೋದರೆ ಕೆಲವು ಕಡೆ ಅರ್ಧಕ್ಕೂ ಹೆಚ್ಚು ಜನಕ್ಕೆ ಸಿಕ್ಕಿಬಿಡುತ್ತವೆ. ಅವುಗಳಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದವುಗಳಲ್ಲೂ ಹೆಚ್ಚಿನವು ಪ್ಯಾಪಿಲರಿ ಅನ್ನುವ ನಿಧಾನದ ಬಗೆ. ಎಷ್ಟೋ ಜನ ಅದನ್ನು ಕುತ್ತಿಗೆಯಲ್ಲಿಟ್ಟುಕೊಂಡೇ, ಗೊತ್ತೇ ಆಗದೆ, ಪೂರ್ತಿ ಆಯುಷ್ಯ ಬದುಕಿ ಬೇರೆ ಕಾರಣಕ್ಕೆ ಸಾಯುತ್ತಾರೆ. ದಕ್ಷಿಣ ಕೊರಿಯಾದ ಕಥೆ ಹೇಳಿದರು. ಅಲ್ಲಿ ಬೇರೆ ಕ್ಯಾನ್ಸರ್ ತಪಾಸಣೆಯ ಜೊತೆಗೆ ಸ್ವಲ್ಪ ದುಡ್ಡಿಗೆ ಕುತ್ತಿಗೆ ಸ್ಕ್ಯಾನೂ ಮಾಡುವ ರೂಢಿ ಬೆಳೆಯಿತು. 1993ಕ್ಕೆ ಹೋಲಿಸಿದರೆ 2011ರಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾದವರು 15 ಪಟ್ಟು. ಸಾವು ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ಅಂದರೆ ಅಷ್ಟೊಂದು ಹೊಸ ರೋಗಿಗಳಲ್ಲಿ ಹೆಚ್ಚಿನವರಿಗೆ ಅದು ಸಿಗದೇ ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ. ಸಿಕ್ಕಿದ್ದಕ್ಕೆ ಆಪರೇಷನ್ ಆಯಿತು. ಹಾಗೆ ಆಪರೇಷನ್ ಆದವರ ದಾಖಲೆ ನೋಡಿದರೆ ನೂರಕ್ಕೆ 11 ಜನರಲ್ಲಿ ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿಗಳು ಕೆಲಸ ನಿಲ್ಲಿಸಿದ್ದವು, ನೂರಕ್ಕೆ ಇಬ್ಬರಿಗೆ ದನಿಯ ನರ ಸೋತಿತ್ತು. ಗ್ರಂಥಿ ಪೂರ್ತಿ ತೆಗೆದವರಿಗೆ ಬದುಕಿರುವವರೆಗೂ ಮಾತ್ರೆ.

ಇದನ್ನು ಕೇಳಿ ತಂಗಿ ಸುಮ್ಮನಾದಳು. ನಾನೂ ಸುಮ್ಮನಾದೆ. ನೆಮ್ಮದಿಗೋಸ್ಕರ ಅಂತ ನಾವು ಕೇಳುವ ಪರೀಕ್ಷೆ ಕೆಲವು ಸಲ ಇದ್ದ ನೆಮ್ಮದಿಯನ್ನೂ ಕಿತ್ತುಕೊಳ್ಳುತ್ತದೆ ಅಂತ ನನಗೆ ಆವತ್ತು ಹೊಳೆಯಿತು.

ಸೂಜಿ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಅದಕ್ಕೆ ಹೆದರಿ ಎಷ್ಟೋ ಜನ ಮುಂದೂಡುತ್ತಾರೆ. ಎಫ್‌ಎನ್‌ಎಸಿ ಅಂತ ಅದರ ಹೆಸರು. ಸೂಜಿಯನ್ನು ತೋರಿಸಿ ಅಂತ ನಾನೇ ಕೇಳಿದೆ. ರಕ್ತ ತೆಗೆಯುವ ಸೂಜಿಗಿಂತ ತೆಳು. ನಾನು ರೇಷ್ಮೆಗೆ ಬಳಸುವ ಕೈಸೂಜಿಯ ಹಾಗಿತ್ತು. ಒಂದು ಕೈಯಲ್ಲಿ ಸ್ಕ್ಯಾನಿನ ಹಿಡಿ, ಇನ್ನೊಂದರಲ್ಲಿ ಸೂಜಿ, ಕಣ್ಣು ಪರದೆಯ ಮೇಲೆ. 'ಈಗ ನುಂಗಬೇಡಿ, ಮಾತಾಡಬೇಡಿ.' ಚುಚ್ಚಿದ ಮೇಲೆ ಸೂಜಿಯನ್ನು ಅಲ್ಲೇ ಪುಟ್ಟ ಪುಟ್ಟದಾಗಿ ಹಿಂದೆ ಮುಂದೆ ಆಡಿಸುತ್ತಾರೆ, ಮಿಷನ್ ಸೂಜಿ ಓಡಿದ ಹಾಗೆ. ಕೆಲವೇ ಸೆಕೆಂಡು. ನೋವು ಅನ್ನುವುದಕ್ಕಿಂತ ಒಳಗೆ ಒತ್ತಿದ ಹಾಗೆ, ಕಿವಿಯವರೆಗೂ ಒಂದು ಸೆಳೆತ. ತೆಗೆದು ಗಾಜಿನ ಮೇಲೆ ಒಂದು ಹನಿ ಬಿಟ್ಟು, ಇನ್ನೊಂದು ಗಾಜಿನಿಂದ ಸವರಿದರು.

ಅದೇ ಕೋಣೆಯ ಮೂಲೆಯಲ್ಲಿ ಒಬ್ಬಾಕೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದರು. ಗಾಜನ್ನು ನೀಲಿ ಬಣ್ಣದಲ್ಲಿ ಅದ್ದಿ ನೋಡಿ, 'ಬರೀ ರಕ್ತ ಬಂದಿದೆ, ಇನ್ನೊಂದು ಸಲ' ಅಂದರು. ಎರಡನೆಯದು ನೋಡಿ ಇನ್ನೂ ಬೇಕು ಅಂದರು. ಮೂರನೆಯದಕ್ಕೆ 'ಸಾಕು'. ಕಡಿಮೆ ಅಂದರೆ ಹತ್ತು ಹತ್ತು ಜೀವಕೋಶಗಳ ಆರು ಗುಂಪಾದರೂ ಇದ್ದರೆ ಮಾತ್ರ ಗಂಟು ಒಳ್ಳೆಯದು ಅಂತ ಹೇಳಬಹುದಂತೆ. ಇಲ್ಲದಿದ್ದರೆ 'ಸಾಲದು' ಅಂತ ರಿಪೋರ್ಟು ಬಂದು ಮತ್ತೆ ಬರಬೇಕಾಗುತ್ತದೆ. ಎಲ್ಲ ಕಡೆ ಹೀಗೆ ಅಲ್ಲೇ ಕೂತು ನೋಡುವವರು ಇರುವುದಿಲ್ಲ. ಇದ್ದರೆ ಅಂಥ ಕಡೆಯೇ ಹೋಗಿ. ಕ್ಯಾನ್ಸರ್ ಇದ್ದರೆ ಸೂಜಿ ಚುಚ್ಚಿದ್ದಕ್ಕೆ ಹರಡುತ್ತಾ ಅಂತ ತಂಗಿ ಕೇಳಿದಳು. ಥೈರಾಯ್ಡ್‌ನಲ್ಲಿ ಅದು ಬಹಳ ಬಹಳ ಅಪರೂಪ, ಅದಕ್ಕೆ ಹೆದರಿ ಪರೀಕ್ಷೆ ಬಿಡಬಾರದು ಅಂದರು. ಹತ್ತು ನಿಮಿಷ ಹತ್ತಿ ಒತ್ತಿ ಹಿಡಿದುಕೊಂಡು ಕೂತೆ. ಮರುದಿನ ಅಂಗಡಿ ತೆಗೆದೆ.

ಇನ್ನು ಅವರ ತಪ್ಪು.

ಒಂಬತ್ತನೇ ದಿನ ರಾತ್ರಿ ಹತ್ತೂವರೆಗೆ ಫೋನ್ ಟಿಣ್ ಅಂದಿತು. ರಿಪೋರ್ಟಿನ ಪಿಡಿಎಫ್. ಬೆಥೆಸ್ಡಾ ವರ್ಗ 3. ಕೆಳಗೆ 'ಅಟಿಪಿಯಾ' ಅಂತ ಒಂದು ಪದ. ಅಷ್ಟೇ. ಫೋನ್ ಮಾಡಿದರೆ ಎತ್ತುವವರಿಲ್ಲ. ಮೂರು ಅಂದರೆ ಮೂರನೇ ಹಂತದ ಕ್ಯಾನ್ಸರ್ ಅಂತ ನಾನು ತಿಳಿದೆ. ಬೆಳಗಿನವರೆಗೂ ಗೋಡೆಗೆ ಒರಗಿ ಕೂತಿದ್ದೆ. ತಂಗಿಗೂ ಹೇಳಲಿಲ್ಲ. ಆ ರಾತ್ರಿಯನ್ನು ಯಾರ ಪಾಲಿಗೂ ಬಯಸುವುದಿಲ್ಲ.

ಬೆಳಿಗ್ಗೆ ಡಾಕ್ಟರ್ ತಾವೇ ಫೋನ್ ಮಾಡಿದರು. ಇದು ಹಂತ ಅಲ್ಲ, ವರ್ಗ. ಬೆಥೆಸ್ಡಾ ಅಂದರೆ ಅಮೆರಿಕದ ಒಂದು ಊರು. 2007ರಲ್ಲಿ ಅಲ್ಲಿ ಸೇರಿದ ತಜ್ಞರು, ಸೂಜಿ ಪರೀಕ್ಷೆಯ ಫಲಿತಾಂಶವನ್ನು ಎಲ್ಲರೂ ಒಂದೇ ಭಾಷೆಯಲ್ಲಿ ಬರೆಯಲಿ ಅಂತ ಮಾಡಿದ ಆರು ವರ್ಗ ಅದು. ಒಂದು ಅಂದರೆ ಸ್ಯಾಂಪಲ್ ಸಾಲದು. ಎರಡು ಕ್ಯಾನ್ಸರ್ ಅಲ್ಲ. ಆರು ಕ್ಯಾನ್ಸರ್. ಐದು ಬಲವಾದ ಅನುಮಾನ. ಮೂರು ಅಂದರೆ ಜೀವಕೋಶಗಳು ಸ್ವಲ್ಪ ಬೇರೆ ಥರ ಕಾಣುತ್ತಿವೆ, ಹೌದು ಅಂತಲೂ ಇಲ್ಲ ಅಂತಲೂ ಹೇಳಲಾಗದು. ನಾಲ್ಕು ಇನ್ನೊಂದು ಬಗೆಯ ತೊಡಕು. ಫೋಲಿಕ್ಯುಲರ್ ಅನ್ನುವ ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಜೀವಕೋಶ ನೋಡಿ ಹೇಳಲು ಬರುವುದಿಲ್ಲ, ಅದು ತನ್ನ ಸುತ್ತಲಿನ ಕವಚವನ್ನೋ ರಕ್ತನಾಳವನ್ನೋ ಕೊರೆದಿದೆಯಾ ನೋಡಬೇಕು. ಅದಕ್ಕೆ ಗಂಟನ್ನೇ ಹೊರತೆಗೆಯಬೇಕಾಗುತ್ತದೆ. ಸೂಜಿಗೆ ಎಲ್ಲವೂ ಗೊತ್ತಾಗುವುದಿಲ್ಲ.

'ಹಾಗಾದ್ರೆ ನನಗೆ ಎಷ್ಟು ಅಪಾಯ?' ಅಂತ ನೇರವಾಗಿ ಕೇಳಿದೆ. ಅವರೂ ನೇರವಾಗಿ ಹೇಳಿದರು. 2023ರ ಬೆಥೆಸ್ಡಾ ಪಟ್ಟಿ ಪ್ರಕಾರ ಮೂರನೇ ವರ್ಗದಲ್ಲಿ ಸರಾಸರಿ ನೂರಕ್ಕೆ 22. ಆದರೆ ಅದು ಹೆಚ್ಚಾಗಿ ಆಪರೇಷನ್ ಮಾಡಿಸಿಕೊಂಡವರ ಲೆಕ್ಕ. ಅನುಮಾನ ಜಾಸ್ತಿ ಇದ್ದವರೇ ಆಪರೇಷನ್‌ಗೆ ಹೋಗಿರುತ್ತಾರೆ. ನಿಮ್ಮ ಸ್ಕ್ಯಾನು ಅಷ್ಟು ಕೆಟ್ಟದಾಗಿಲ್ಲ. ಒಂದು ದಾರಿ, ಮೂರು ತಿಂಗಳು ಬಿಟ್ಟು ಮತ್ತೆ ಸೂಜಿ. ಇನ್ನೊಂದು, ಸಿಗುವ ಕಡೆ ಜೀನ್ ಪರೀಕ್ಷೆ. ಮತ್ತೊಂದು, ಆ ಅರ್ಧ ಗ್ರಂಥಿಯನ್ನು ತೆಗೆದು ನೋಡಿಬಿಡುವುದು. ಮೂರಕ್ಕೂ ಒಳಿತು ಕೆಡುಕು ಹೇಳಿ, ನಾನು ಕೇಳಿದ ಮೇಲೆ ಮಾತ್ರ, 'ನಾನಾಗಿದ್ರೆ ಕಾಯ್ತಿದ್ದೆ' ಅಂದರು.

ಮೂರು ತಿಂಗಳು ಕ್ಯಾನ್ಸರ್ ಇರಬಹುದಾದ ಗಂಟನ್ನು ಹೊತ್ತುಕೊಂಡು ಓಡಾಡುವುದು ಹೇಗೆ ಅಂತ ಅತ್ತೆ. ಆಗ ಜಪಾನಿನ ಕೋಬೆಯ ಕುಮಾ ಆಸ್ಪತ್ರೆ ವಿಷಯ ಹೇಳಿದರು. ಅಲ್ಲಿ 1993ರಿಂದಲೂ, ಒಂದು ಸೆಂಟಿಮೀಟರಿಗಿಂತ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಇರುವವರಿಗೆ, ಬೇಕಾದರೆ ಆಪರೇಷನ್ ಮಾಡದೆ ಸ್ಕ್ಯಾನ್ ಮಾಡುತ್ತಾ ನೋಡಿಕೊಳ್ಳುತ್ತಿದ್ದಾರೆ. ಹಾಗೆ ಕಾದ 1,235 ಜನರಲ್ಲಿ ಹತ್ತು ವರ್ಷಕ್ಕೆ ಗಂಟು 3 ಮಿಲಿಮೀಟರ್ ಬೆಳೆದದ್ದು ನೂರಕ್ಕೆ 8 ಜನಕ್ಕೆ ಮಾತ್ರ. ಯಾರೂ ಅದರಿಂದ ಸಾಯಲಿಲ್ಲ. ನಿಮ್ಮದು ಅದಕ್ಕಿಂತ ದೊಡ್ಡದು, ಹಾಗಾಗಿ ಅದೇ ಲೆಕ್ಕ ನಿಮಗೆ ಹಾಕುತ್ತಿಲ್ಲ. ಥೈರಾಯ್ಡ್‌ನ ಸಾಮಾನ್ಯ ಕ್ಯಾನ್ಸರ್ ಮೂರು ತಿಂಗಳಲ್ಲಿ ಓಡಿಹೋಗುವಂಥದ್ದಲ್ಲ ಅಂತ ಹೇಳಲು ಅಷ್ಟೇ. ನಡುವೆ ಗಂಟು ಎದ್ದು ಕಾಣುವಷ್ಟು ಬೆಳೆದರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ, ಕುತ್ತಿಗೆ ಪಕ್ಕದಲ್ಲಿ ಹೊಸ ಗಡ್ಡೆ ಕಂಡರೆ ಅದೇ ದಿನ ಬನ್ನಿ. ಅನಪ್ಲಾಸ್ಟಿಕ್ ಅನ್ನುವ ತೀರಾ ಅಪರೂಪದ ಒಂದು ಬಗೆ ಇದೆ, ಹೆಚ್ಚಾಗಿ ವಯಸ್ಸಾದವರಲ್ಲಿ, ವಾರಗಳಲ್ಲೇ ಬೆಳೆಯುತ್ತದೆ. ಅದಕ್ಕೆ ಮಾತ್ರ ಕಾಯುವ ಮಾತೇ ಇಲ್ಲ.

ಕಾದೆ. ಎರಡನೇ ಸಲದ ಸೂಜಿಗೆ ವರ್ಗ 2 ಬಂತು. ಈ ಸಲ ಪಿಡಿಎಫ್‌ಗೂ ಮೊದಲು ಫೋನ್ ಬಂತು. ಫೋನ್ ಎತ್ತುವಾಗ ಕೈಯಲ್ಲಿ ಕಾಜ ಹಾಕುತ್ತಿದ್ದ ಅಂಗಿ ಇತ್ತು. ಮಾತು ಮುಗಿದ ಮೇಲೆ ಆ ಕಾಜ ಮುಗಿಸಲು ಆಗಲಿಲ್ಲ, ಕಣ್ಣು ಮಂಜಾಗಿತ್ತು.

ಹೋದ ತಿಂಗಳು ವರ್ಷದ ಸ್ಕ್ಯಾನ್ ಆಯಿತು. ಈ ಸಲ 20, 14, 13. 'ಅಕ್ಕಾ, ಒಂದು ಮಿಲಿಮೀಟರ್ ಬೆಳೆದಿದೆ ಕಣೇ' ಅಂತ ತಂಗಿ ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು. ಒಂದೇ ಗಂಟನ್ನು ಇಬ್ಬರು ಅಳೆದರೆ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ ಅಂದರು ಸ್ಕ್ಯಾನಿನಾಕೆ. ಮೂರರಲ್ಲಿ ಎರಡು ಅಳತೆಯಾದರೂ ನೂರಕ್ಕೆ 20ರಷ್ಟು, ಅದೂ ಕಡಿಮೆ ಅಂದರೆ 2 ಮಿಲಿಮೀಟರ್ ಹೆಚ್ಚಾದರೆ ಮಾತ್ರ ಅದನ್ನು ಬೆಳವಣಿಗೆ ಅನ್ನುತ್ತಾರೆ. ನನಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಒಂದೇ ಕುತ್ತಿಗೆಗೆ ಇಬ್ಬರು ಟೈಲರ್ ಟೇಪು ಹಿಡಿದರೆ ಕಾಲು ಇಂಚು ಆಚೀಚೆ ಬರುವುದನ್ನು ನಾನು ಜೀವನಪೂರ್ತಿ ನೋಡಿದ್ದೇನೆ.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ರಾತ್ರಿ ಹತ್ತೂವರೆಯ ಆ ಪಿಡಿಎಫ್‌ಗೆ ಒಂದು ಹೋಯಿತು. ಅದನ್ನು ಅವರಿಗೂ ಬರೆದುಕೊಟ್ಟೆ. ಈಗ ಎರಡನೇ ವರ್ಗ ಬಿಟ್ಟು ಬೇರೆ ಏನು ಬಂದರೂ ಮೊದಲು ಡಾಕ್ಟರ್ ಮಾತಾಡಿದ ಮೇಲೆಯೇ ರಿಪೋರ್ಟು ಕಳಿಸುತ್ತಾರಂತೆ. ನೀವು ಎಲ್ಲಿಗೆ ಹೋದರೂ ಸೂಜಿ ಹಾಕಿಸುವ ದಿನವೇ ಕೇಳಿಟ್ಟುಕೊಳ್ಳಿ: ಫಲಿತಾಂಶ ಯಾವತ್ತು ಬರುತ್ತದೆ, ಯಾರು ಹೇಳುತ್ತಾರೆ, ಯಾವ ನಂಬರಿಗೆ ಫೋನ್ ಮಾಡಬೇಕು. ಸ್ಕ್ಯಾನ್ ರಿಪೋರ್ಟಿನಲ್ಲಿ ಮೂರು ಅಳತೆ, ಟೈರಾಡ್ಸ್ ಅಂಕ ಇಲ್ಲದಿದ್ದರೆ ಬರೆದುಕೊಡಿ ಅಂತ ಅಲ್ಲೇ ಕೇಳಿ.

ಮುಂದಿನ ಸ್ಕ್ಯಾನ್ ಎರಡು ವರ್ಷಕ್ಕೆ. ಕಾರ್ಡಿನ ಒಂದು ಬದಿಗೆ ಆ ತಾರೀಕು, ಇನ್ನೊಂದು ಬದಿಗೆ ಅದಕ್ಕೂ ಮೊದಲೇ ಬರಬೇಕಾದ ಲಕ್ಷಣಗಳು. ಅದನ್ನು ಟ್ರಯಲ್ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದ್ದೇನೆ. ಬಂದವರು ಇದೇನು ಅಂತ ಕೇಳುತ್ತಾರೆ. ಒಂದು ಲೋಟ ನೀರು ಕೊಟ್ಟು, ಕನ್ನಡಿ ನೋಡಿಕೊಂಡು ಒಂದು ಗುಟುಕು ನುಂಗಿ ಅನ್ನುತ್ತೇನೆ.